ರಿಪೋರ್ಟ್ ನಾರ್ಮಲ್ ಇದೆ, ಶಕ್ತಿ ಎಷ್ಟಿದೆ?

ನನ್ನ ಕ್ಲಿನಿಕ್ಕಿಗೆ ಬರುವ ಹಿರಿಯರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್, ಥೈರಾಯ್ಡ್, ಇಸಿಜಿ ಹೀಗೆ ಎಷ್ಟೋ ವರ್ಷಗಳ ರಿಪೋರ್ಟುಗಳು ಅದರಲ್ಲಿ ಮಡಚಿಕೊಂಡು ಕೂತಿರುತ್ತವೆ. "ರಿಪೋರ್ಟ್ ಎಲ್ಲ ನಾರ್ಮಲ್ ಅಂದರು ಸಾಬ್. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು, ನೆಲದ ಮೇಲೆ ಕೂತರೆ ಏಳೋಕೆ ಆಗೋದಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ರಿಪೋರ್ಟೂ ಸುಳ್ಳಲ್ಲ. ರಕ್ತ ಪರೀಕ್ಷೆ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ನಿಮ್ಮ ಕಾಲಿನಲ್ಲಿ ಎಷ್ಟು ಬಲವಿದೆ, ಎಷ್ಟು ದೂರ ನಡೆಯಬಲ್ಲಿರಿ, ಕಾಲು ಜಾರಿದರೆ ಸಾವರಿಸಿಕೊಳ್ಳಬಲ್ಲಿರಾ ಎಂಬುದನ್ನು ಯಾವ ಲ್ಯಾಬೂ ಬರೆದುಕೊಡುವುದಿಲ್ಲ.

ಈ ಮಾತು ನನಗೆ ಓದಿನಿಂದ ಬಂದದ್ದಲ್ಲ, ನನ್ನ ಮನೆಯಿಂದ ಬಂದದ್ದು. ನನ್ನ ಅಮ್ಮೀಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಮೂರು ತಿಂಗಳಿಗೊಮ್ಮೆ ನಾನೇ ಪರೀಕ್ಷೆ ಮಾಡಿಸುತ್ತಿದ್ದೆ. ನಬ್ಝ್ ನೋಡುತ್ತಿದ್ದೆ, ಔಷಧಿ ಸರಿಹೊಂದಿಸುತ್ತಿದ್ದೆ. ಸುಜೂದ್‌ನಿಂದ ಏಳುವಾಗ ಕಷ್ಟವಾಗುತ್ತದೆ ಎಂದಾಗ ಒಂದು ಒಳ್ಳೆಯ ಕುರ್ಚಿ ತಂದುಕೊಟ್ಟವನೂ ನಾನೇ. ಆಮೇಲೆ ಊಟಕ್ಕೂ ಕುರ್ಚಿ, ತರಕಾರಿ ಹೆಚ್ಚುವುದಕ್ಕೂ ಕುರ್ಚಿ. ಎರಡು ವರ್ಷ ಅವರು ನೆಲದ ಮೇಲೆ ಕೂರಲೇ ಇಲ್ಲ. ಒಂದು ರಾತ್ರಿ ಬಚ್ಚಲಮನೆಯ ಹೊಸ್ತಿಲಲ್ಲಿ ಎಡವಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ವಾಕರ್ ಇಲ್ಲದೆ ನಡೆಯುವ ದಿನ ಮತ್ತೆ ಬರಲಿಲ್ಲ. ಬೀಳುವ ಹತ್ತು ದಿನ ಮೊದಲು ತೆಗೆಸಿದ ಸಕ್ಕರೆಯ ರಿಪೋರ್ಟ್ ಬಹಳ ಚೆನ್ನಾಗಿತ್ತು. "ಅಮ್ಮೀ, ಕೈ ಊರದೆ ಈ ಕುರ್ಚಿಯಿಂದ ಒಮ್ಮೆ ಎದ್ದು ತೋರಿಸಿ" ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಕಾಯಿಲೆ ಇರುವವರು ಕುರ್ಚಿಯಲ್ಲಿ ನಮಾಝ್ ಮಾಡುವುದನ್ನು ನಾನು ಪ್ರಶ್ನಿಸುತ್ತಿಲ್ಲ. ಅದು ಆಲಿಮರು ಹೇಳಬೇಕಾದ ವಿಷಯ. ನಾನು ಹೇಳುವುದು ವೈದ್ಯಕೀಯದ ಮಾತು. ಬಳಸದ ಬಲ ಉಳಿಯುವುದಿಲ್ಲ, ಅದು ಹೋಗುವಾಗ ಸದ್ದು ಮಾಡುವುದೂ ಇಲ್ಲ. ಆದ್ದರಿಂದ ಆಗಾಗ ಅಳೆದು ನೋಡಬೇಕು.

ದೈಹಿಕ ಸಾಮರ್ಥ್ಯ ಎಂದರೇನು?

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ ಮತ್ತು ದೇಹಕ್ಕೆ ಬೇಕಾದುದನ್ನು ಉಳಿಸಿಕೊಳ್ಳುವುದು. ದೇಹದ ಚಲನೆಗೆ ಊಟ ಮತ್ತು ನಿದ್ರೆಯ ಪಕ್ಕದಲ್ಲೇ ಸ್ಥಾನ ಕೊಟ್ಟಿರುವುದನ್ನು ಗಮನಿಸಿ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದ ಮೊದಲ ಭಾಗದಲ್ಲೇ ರಿಯಾಝತ್ ಅಂದರೆ ವ್ಯಾಯಾಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ವ್ಯಾಯಾಮ ಎಷ್ಟು ಮಾಡಬೇಕು ಎಂಬುದಕ್ಕೆ ಅವರು ಗಡಿಯಾರವನ್ನಲ್ಲ, ದೇಹವನ್ನೇ ನೋಡಲು ಹೇಳುತ್ತಾರೆ. ಮೈಬಣ್ಣ, ಚಲನೆಯ ಹಗುರತನ ಮತ್ತು ಅಂಗಗಳ ಸ್ಥಿತಿ ಇವು ಮೂರು ಅವರ ಅಳತೆಗೋಲುಗಳು. ದೇಹವನ್ನು ಗಮನಿಸಿ ಅದರ ಶಕ್ತಿ ತಿಳಿಯುವುದು ನಮಗೆ ಹೊಸ ವಿಚಾರವಲ್ಲ.

ಇಂದಿನ ವಿಜ್ಞಾನ ಇದನ್ನೇ ಬಿಡಿಸಿ ಹೇಳುತ್ತದೆ. ದೈಹಿಕ ಸಾಮರ್ಥ್ಯ ಒಂದೇ ವಸ್ತುವಲ್ಲ. ಅದರಲ್ಲಿ ಹೃದಯ ಮತ್ತು ಶ್ವಾಸಕೋಶದ ತಾಳಿಕೆ, ಸ್ನಾಯುಗಳ ಬಲ, ಕೀಲುಗಳ ಬಾಗುವಿಕೆ, ಸಮತೋಲನ, ದೇಹದಲ್ಲಿ ಕೊಬ್ಬಿನ ಪ್ರಮಾಣ ಎಂಬ ಬೇರೆ ಬೇರೆ ಭಾಗಗಳಿವೆ. ಒಂದರಲ್ಲಿ ಚೆನ್ನಾಗಿರುವವರು ಇನ್ನೊಂದರಲ್ಲಿ ಹಿಂದಿರಬಹುದು. ಜಿಮ್ಮಿಗೆ ಹೋಗಿ ತೋಳು ಬೆಳೆಸಿಕೊಂಡ ಹುಡುಗ ಮೂರು ಮಹಡಿ ಹತ್ತಿ ಏದುಸಿರು ಬಿಡುವುದನ್ನು ನೋಡಿದ್ದೇನೆ. ದಿನಾ ಐದು ಕಿಲೋಮೀಟರ್ ನಡೆಯುವ ಹಿರಿಯರು ಒಂಟಿ ಕಾಲಿನಲ್ಲಿ ನಾಲ್ಕು ಸೆಕೆಂಡ್ ನಿಲ್ಲಲಾರದೆ ಗೋಡೆ ಹಿಡಿದದ್ದನ್ನೂ ನೋಡಿದ್ದೇನೆ. ಹಾಗಾಗಿ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ಇದು ಹಿರಿಯರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2022ರ ಸ್ಥಿತಿಯನ್ನು ಲೆಕ್ಕ ಹಾಕಿದ ಅಂತಾರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಮಹಿಳೆಯರಲ್ಲಿ ಇದು ಶೇ. 57, ಪುರುಷರಲ್ಲಿ ಶೇ. 42. ನಮ್ಮ ಮನೆಗಳ ಹೆಣ್ಣುಮಕ್ಕಳು ದಿನವಿಡೀ ದುಡಿಯುತ್ತಾರೆ ನಿಜ. ಆದರೆ ಅಡುಗೆಮನೆಯಲ್ಲಿ ನಿಂತು ದಣಿಯುವುದು ಬೇರೆ, ಉಸಿರು ಬೆಚ್ಚಗಾಗುವಂತೆ ಅರ್ಧ ಗಂಟೆ ನಡೆಯುವುದು ಬೇರೆ.

ಪರೀಕ್ಷೆಗೆ ಮೊದಲು

ಕೆಳಗಿನ ಪರೀಕ್ಷೆಗಳಿಗೆ ಬೇಕಾದುದು ಒಂದು ಗಟ್ಟಿಯಾದ ಕುರ್ಚಿ, ಅಳತೆ ಟೇಪ್, ಮೊಬೈಲಿನ ಸ್ಟಾಪ್‌ವಾಚ್, ಒಂದು ಹಾಳೆ ಮತ್ತು ಪೆನ್ನು. ಮನೆಯೊಳಗೆ, ಟೆರೇಸಿನಲ್ಲಿ ಅಥವಾ ಅಂಗಳದಲ್ಲಿ ಮಾಡಬಹುದು. ಕೆಲವು ಎಚ್ಚರಿಕೆಗಳು ಮಾತ್ರ ಕಡ್ಡಾಯ.

ಎದೆನೋವು, ತಲೆಸುತ್ತು, ವಿಶ್ರಾಂತಿಯಲ್ಲೂ ಉಸಿರಾಟದ ತೊಂದರೆ ಇರುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಆಪರೇಷನ್ ಆದವರು, ಬಿ.ಪಿ. ಹತೋಟಿಯಲ್ಲಿಲ್ಲದವರು ಮತ್ತು ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳದೆ ಮಾಡಬಾರದು. ಊಟವಾಗಿ ಎರಡು ಗಂಟೆ ಕಳೆದಿರಲಿ. ಉಪವಾಸ ಇರುವಾಗ, ಜ್ವರವಿರುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಬೇಡ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಒಂದಿಷ್ಟು ಸಿಹಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಟೈಲ್ಸ್ ನೆಲದಲ್ಲಿ ಕಾಲುಚೀಲ ಹಾಕಿಕೊಂಡು ಮಾಡಬೇಡಿ, ಬರಿಗಾಲು ಒಳ್ಳೆಯದು. ಕಾಲಿಗೆ ಸಿಕ್ಕಿಕೊಳ್ಳುವ ಉದ್ದದ ಬಟ್ಟೆಯನ್ನು ಸ್ವಲ್ಪ ಮೇಲೆ ಕಟ್ಟಿಕೊಳ್ಳಿ. ಅರುವತ್ತು ದಾಟಿದವರ ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಂತಿರಲೇಬೇಕು. ಮಧ್ಯದಲ್ಲಿ ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ. ಎದೆನೋವು ನಿಲ್ಲದಿದ್ದರೆ ಯಾವ ಮನೆಮದ್ದಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

1. ವಿಶ್ರಾಂತಿಯ ನಬ್ಝ್

ಬೆಳಿಗ್ಗೆ ಎಚ್ಚರವಾದ ಮೇಲೆ, ಚಹಾ ಕುಡಿಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರಲ್ಲೇ ಒಂದು ಮಿಡಿತ ಇರುವುದರಿಂದ ಲೆಕ್ಕ ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ.

ವಯಸ್ಕರಲ್ಲಿ 60ರಿಂದ 100ರವರೆಗೆ ಸಾಮಾನ್ಯ. ನಿತ್ಯ ವ್ಯಾಯಾಮ ಮಾಡುವವರ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದಬ್ಬುತ್ತದೆ. ಆದ್ದರಿಂದ ಅವರ ನಬ್ಝ್ ನಿಧಾನವಾಗಿ, ಕೆಲವೊಮ್ಮೆ 60ಕ್ಕಿಂತ ಕೆಳಗೂ ಇರುತ್ತದೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ನಬ್ಝ್ ಇಳಿಸುತ್ತವೆ ಎಂಬುದು ನೆನಪಿರಲಿ. ಸುಮ್ಮನೆ ಕೂತಾಗಲೂ ಪದೇ ಪದೇ 100 ದಾಟುತ್ತಿದ್ದರೆ ಥೈರಾಯ್ಡ್ ಮತ್ತು ರಕ್ತಹೀನತೆ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. "ನನಗೆ ಶಕ್ತಿಯೇ ಇಲ್ಲ" ಎನ್ನುವ ಎಷ್ಟೋ ಸೊಸೆಯಂದಿರು ಸೋಮಾರಿಗಳಲ್ಲ, ಅವರ ರಕ್ತದಲ್ಲಿ ಕಬ್ಬಿಣಾಂಶ ಇಲ್ಲ. ಮಿಡಿತ ಒಂದು ಬೇಗ ಒಂದು ತಡ ಎಂಬಂತೆ ಲಯ ತಪ್ಪಿದ್ದರೆ ಇಸಿಜಿ ಮಾಡಿಸಿ.

2. ಆರು ನಿಮಿಷದ ನಡಿಗೆ

ಹೃದಯ ಮತ್ತು ಶ್ವಾಸಕೋಶದ ತಾಳಿಕೆಗೆ ಆಸ್ಪತ್ರೆಗಳಲ್ಲೂ ಬಳಸುವ ಪರೀಕ್ಷೆ ಇದು. ಅಲ್ಲಿ 30 ಮೀಟರ್ ಉದ್ದದ ಹಾದಿ ಬಳಸುತ್ತಾರೆ. ನೀವು ಟೆರೇಸಿನಲ್ಲಿ ಅಥವಾ ಮನೆ ಮುಂದೆ 15–20 ಮೀಟರ್ ಅಳೆದು ಎರಡೂ ಕಡೆ ಒಂದು ಗುರುತು ಇಡಿ. ಆರು ನಿಮಿಷ, ಓಡದೆ, ಸಾಧ್ಯವಾದಷ್ಟು ಬಿರುಸಾಗಿ ಹೋಗಿ ಬಂದು ಮಾಡಿ. ದಣಿವಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಒಟ್ಟು ದೂರ ಬರೆದಿಡಿ.

ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 400ರಿಂದ 700 ಮೀಟರ್ ನಡೆಯುತ್ತಾರೆ. ಹಾದಿ ಚಿಕ್ಕದಾದಷ್ಟೂ ತಿರುಗುವುದು ಹೆಚ್ಚಾಗಿ ದೂರ ಸ್ವಲ್ಪ ಕಡಿಮೆ ಬರುತ್ತದೆ. 360 ಮೀಟರ್ ಎಂದರೆ ಸೆಕೆಂಡಿಗೆ 1 ಮೀಟರ್ ವೇಗ. ವಯಸ್ಸಾದವರ ಮಾಮೂಲಿ ನಡಿಗೆಯ ವೇಗವೇ ಅದಕ್ಕಿಂತ ಕಡಿಮೆಯಾದರೆ ಏಷ್ಯಾದ ತಜ್ಞರು ಅದನ್ನು ಬಲ ಕುಂದಿದ ಲಕ್ಷಣವೆಂದು ಪರಿಗಣಿಸುತ್ತಾರೆ. ಬಿರುಸಾಗಿ ನಡೆದೂ ನಿಮಗೆ ಅಷ್ಟು ಬಾರದಿದ್ದರೆ ವೈದ್ಯರಿಗೆ ತಿಳಿಸಿ.

ನಡಿಗೆ ಮುಗಿದ ಕೂಡಲೇ ನಬ್ಝ್ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ನಿಮಿಷದ ನಂತರ ಮತ್ತೊಮ್ಮೆ ಹಾಗೆಯೇ ಮಾಡಿ. ಇಳಿಕೆ ಹೆಚ್ಚಾದಷ್ಟೂ ಹೃದಯ ಪಳಗಿದೆ ಎಂದರ್ಥ.

ಉಮ್ರಾ ಅಥವಾ ಹಜ್ಜ್‌ಗೆ ಹೊರಡುವವರಿಗೆ ಈ ಪರೀಕ್ಷೆಯನ್ನು ನಾನು ತಪ್ಪದೆ ಮಾಡಿಸುತ್ತೇನೆ. ಸಫಾ ಮರ್ವಾ ನಡುವಿನ ಏಳು ಸಲದ ಸಈ ಒಂದೇ ಸುಮಾರು ಮೂರು ಕಿಲೋಮೀಟರ್. ಸೆಕೆಂಡಿಗೆ 1 ಮೀಟರ್ ವೇಗದವರಿಗೆ ಅದು 50 ನಿಮಿಷದ ನಡಿಗೆ, ಅದೂ ತವಾಫ್ ಮುಗಿದ ಮೇಲೆ, ಜನಸಂದಣಿಯಲ್ಲಿ. ಕಳೆದ ವರ್ಷ ಒಬ್ಬ ದಂಪತಿ ಹೊರಡುವುದಕ್ಕೆ ಎರಡು ವಾರವಿದ್ದಾಗ ಮಂಡಿಯ ಎಣ್ಣೆ ಕೇಳಿಕೊಂಡು ಬಂದರು. ಎಷ್ಟೋ ವರ್ಷ ಹಣ ಕೂಡಿಟ್ಟಿದ್ದರು, ಪಾಸ್‌ಪೋರ್ಟ್, ಲಸಿಕೆ ಎಲ್ಲ ತಯಾರಿತ್ತು. ಕಾಲು ಮಾತ್ರ ತಯಾರಿರಲಿಲ್ಲ. ಆ ಸಹೋದರಿ ಆರು ನಿಮಿಷದಲ್ಲಿ ಮೂರು ಸಲ ನಿಂತರು. ಎರಡು ವಾರದಲ್ಲಿ ಕಾಲಿನ ಬಲ ಬರುವುದಿಲ್ಲ. ಗಾಲಿಕುರ್ಚಿಯ ಏರ್ಪಾಡು ಮೊದಲೇ ಮಾಡಿಕೊಳ್ಳಿ ಎಂದಷ್ಟೇ ಹೇಳಲು ಸಾಧ್ಯವಾಯಿತು. ನಾಲ್ಕು ತಿಂಗಳು ಮೊದಲು ಬಂದಿದ್ದರೆ ಬೇರೆ ಮಾತು ಹೇಳಬಹುದಿತ್ತು.

ಯುವಕರಿಗೆ ಈ ನಡಿಗೆ ಸುಲಭವಾಗುತ್ತದೆ. ಅವರಿಗೆ ಹನ್ನೆರಡು ನಿಮಿಷದ ಓಟ ಇದೆ. ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಬಳಕೆಗೆ ತಂದ ಪರೀಕ್ಷೆ ಅದು. ಮೈದಾನದಲ್ಲಿ 12 ನಿಮಿಷದಲ್ಲಿ ಎಷ್ಟು ದೂರ ಓಡಿದಿರಿ ಎಂಬುದಷ್ಟೇ ಲೆಕ್ಕ. ಓಡುವ ಅಭ್ಯಾಸವೇ ಇಲ್ಲದವರು ಮೊದಲ ದಿನವೇ ಇದಕ್ಕೆ ಕೈ ಹಾಕಬಾರದು.

3. ಕುರ್ಚಿಯಿಂದ ಏಳುವುದು

ಕಾಲಿನ ಬಲ ತಿಳಿಯಲು ಇದಕ್ಕಿಂತ ಸರಳ ಉಪಾಯವಿಲ್ಲ. ಸುಮಾರು 17 ಇಂಚು ಎತ್ತರದ, ಕೈಪಿಡಿ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಮರದ್ದು ಒಳ್ಳೆಯದು. ಪಾದಗಳು ನೆಲಕ್ಕೆ ಪೂರ್ತಿ ತಾಗಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಕಾರ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಪೂರ್ತಿ ಎದ್ದು ಪೂರ್ತಿ ಕೂರುವುದು ಎಷ್ಟು ಸಲ ಆಯಿತು ಎಂದು ಎಣಿಸಿ. ಕೈ ಊರಿದರೆ ಅಂಕ ಸೊನ್ನೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಿರಿಯರಿಗಾಗಿ ಕೊಟ್ಟಿರುವ ಸಂಖ್ಯೆಗಳು ಹೀಗಿವೆ. ಇದಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು.

60–64 ವರ್ಷ: ಪುರುಷರು 14, ಮಹಿಳೆಯರು 12
65–69 ವರ್ಷ: ಪುರುಷರು 12, ಮಹಿಳೆಯರು 11
70–74 ವರ್ಷ: ಪುರುಷರು 12, ಮಹಿಳೆಯರು 10
75–79 ವರ್ಷ: ಪುರುಷರು 11, ಮಹಿಳೆಯರು 10
80–84 ವರ್ಷ: ಪುರುಷರು 10, ಮಹಿಳೆಯರು 9

ನಲವತ್ತು, ಐವತ್ತರ ವಯಸ್ಸಿನ ನೀವು ಅರುವತ್ತರವರ ಸಂಖ್ಯೆಯನ್ನೇ ಮುಟ್ಟದಿದ್ದರೆ ಇಂದೇ ಎಚ್ಚೆತ್ತುಕೊಳ್ಳಿ. ಅರುವತ್ತಾಗುವ ಹೊತ್ತಿಗೆ ನಿಮ್ಮ ಬಳಿ ಉಳಿಯುವುದು ಎಷ್ಟು ಎಂದು ಯೋಚಿಸಿ.

4. ನೆಲದಲ್ಲಿ ಕೂತು ಏಳುವುದು

ಬ್ರೆಝಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾವುಜೊ ಮತ್ತು ಸಂಗಡಿಗರು 51ರಿಂದ 80 ವರ್ಷದ ಎರಡು ಸಾವಿರ ಜನರಿಂದ ಈ ಪರೀಕ್ಷೆ ಮಾಡಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರಿಗಾಲಿನಲ್ಲಿ ನಿಂತು, ಏನನ್ನೂ ಹಿಡಿಯದೆ ನೆಲದ ಮೇಲೆ ಕೂರಬೇಕು, ಮತ್ತೆ ಹಾಗೆಯೇ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ, ಮೊಣಕೈ, ಮಂಡಿ, ತೊಡೆ ಯಾವುದನ್ನು ಊರಿದರೂ ಒಂದೊಂದಕ್ಕೆ 1 ಅಂಕ ಕಳೆಯಿರಿ. ಓಲಾಡಿದರೆ ಅರ್ಧ ಅಂಕ. ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿರುವುದು ಅಲ್ಲಿ ಕಂಡುಬಂತು. ಕೈ ಊರಿದ್ದರಿಂದ ಯಾರೂ ಸಾಯುವುದಿಲ್ಲ. ಬಲ, ಬಾಗುವಿಕೆ, ಸಮತೋಲನ ಮೂರೂ ಒಟ್ಟಿಗೆ ಕುಂದಿವೆ ಎಂದು ಆ ಅಂಕ ತೋರಿಸುತ್ತದೆ.

ನಮಗೆ ಈ ಪರೀಕ್ಷೆ ಪರಕೀಯವಲ್ಲ. ನೆಲದಲ್ಲಿ ಕೂತು ಊಟ ಮಾಡಿದವರು, ದಿನಕ್ಕೆ ಐದು ಹೊತ್ತು ರುಕೂ ಸುಜೂದ್ ಮಾಡುವವರು ನಾವು. ಮುಂದಿನ ನಮಾಝ್‌ನಲ್ಲಿ ಎರಡನೇ ರಕಅತ್‌ಗೆ ಏಳುವಾಗ ನಿಮ್ಮ ಕೈ ಎಲ್ಲಿ ಹೋಗುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ನಾನು 46ನೆಯ ವಯಸ್ಸಿನಲ್ಲಿ ಮೊದಲ ಸಲ ಲೆಕ್ಕವಿಟ್ಟು ಮಾಡಿದಾಗ 10ಕ್ಕೆ 7 ಬಂತು. ದಿನವಿಡೀ ಕುರ್ಚಿಯಲ್ಲಿ ಕೂತು ಇತರರಿಗೆ ನಡೆಯಿರಿ ಎನ್ನುವವನ ಅಂಕ ಅದು. ಎರಡೂ ಮಂಡಿ ಸವೆದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಈ ಪರೀಕ್ಷೆ ಮಾಡಬೇಡಿ. ಅವರಿಗೆ ಕುರ್ಚಿಯ ಪರೀಕ್ಷೆ ಸಾಕು.

5. ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡ್

ಗೋಡೆಯಿಂದ ಒಂದು ಮೊಳ ದೂರ ನಿಂತುಕೊಳ್ಳಿ. ಕೈಗಳು ಪಕ್ಕದಲ್ಲಿರಲಿ, ನೋಟ ನೇರವಾಗಿರಲಿ. ಒಂದು ಕಾಲನ್ನೆತ್ತಿ ಅದರ ಪಾದದ ಮುಂಭಾಗವನ್ನು ಇನ್ನೊಂದು ಕಾಲಿನ ಹಿಂಬದಿಗೆ ತಾಗಿಸಿ. ಹತ್ತು ಸೆಕೆಂಡ್ ನಿಲ್ಲಬೇಕು. ಮೂರು ಅವಕಾಶ. ಬ್ರೆಝಿಲ್‌ನ ಅದೇ ತಂಡ 51ರಿಂದ 75 ವರ್ಷದ 1702 ಜನರಲ್ಲಿ ಇದನ್ನು ಮಾಡಿಸಿ 2022ರಲ್ಲಿ ವರದಿ ಪ್ರಕಟಿಸಿತು. ಐದರಲ್ಲಿ ಒಬ್ಬರಿಗೆ ಆಗಲಿಲ್ಲ.

ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಈ ಪರೀಕ್ಷೆ ವಿಶೇಷವಾಗಿ ಮುಖ್ಯ. ಪಾದದ ನರಗಳು ಮಂದವಾದರೆ ನೆಲ ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ. ಹಗಲಲ್ಲಿ ಕಣ್ಣು ಆ ಕೊರತೆ ತುಂಬುತ್ತದೆ, ಕತ್ತಲಲ್ಲಿ ಬೀಳುತ್ತಾರೆ. ನನ್ನ ಅಮ್ಮೀ ಬಿದ್ದದ್ದೂ ರಾತ್ರಿಯೇ. ಹತ್ತು ಸೆಕೆಂಡ್ ನಿಲ್ಲಲಾಗದವರ ಮನೆಯಲ್ಲಿ ಇವತ್ತೇ ಮಾಡಬೇಕಾದ ಕೆಲಸ ಮೂರು. ಬಚ್ಚಲಮನೆಯ ದಾರಿಗೆ ರಾತ್ರಿಯಿಡೀ ಒಂದು ಸಣ್ಣ ದೀಪ, ಗೋಡೆಗೆ ಹಿಡಿಕೆ, ಜಾರುವ ಕಾಲೊರಸು ತೆಗೆದುಹಾಕುವುದು. ವುಝೂ ಮಾಡುವಾಗ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ಬೇಸಿನ್ನಿಗೆ ಎತ್ತುವ ಅಭ್ಯಾಸವನ್ನು ಅಂಥವರು ಬಿಡಲಿ. ಕೂತು ಮಾಡಲು ಒಂದು ಸ್ಟೂಲು ಇಡಿ.

6. ಕೈಯ ಬಲ, ಭುಜದ ಬಾಗುವಿಕೆ

2015ರಲ್ಲಿ ಪ್ರಕಟವಾದ, ಭಾರತವೂ ಸೇರಿ 17 ದೇಶಗಳ ದೊಡ್ಡ ಅಧ್ಯಯನವೊಂದು ಹಿಡಿತದ ಬಲ ಕಡಿಮೆಯಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ತೋರಿಸಿತು. ಆಸ್ಪತ್ರೆಯಲ್ಲಿ ಹಿಡಿತ ಅಳೆಯುವ ಸಾಧನವಿದ್ದರೆ ಒಮ್ಮೆ ನೋಡಿಸಿ. ಏಷ್ಯಾದವರಿಗೆ ಪುರುಷರಲ್ಲಿ 28 ಕಿಲೋ, ಮಹಿಳೆಯರಲ್ಲಿ 18 ಕಿಲೋಗಿಂತ ಕಡಿಮೆಯಾದರೆ ಅದು ದುರ್ಬಲ ಹಿಡಿತ. ಮನೆಯಲ್ಲಾದರೆ ಮೊದಲು ತೆರೆಯುತ್ತಿದ್ದ ಉಪ್ಪಿನಕಾಯಿ ಜಾಡಿಯ ಮುಚ್ಚಳ ಈಗ ತೆರೆಯುತ್ತದೆಯೇ, ಒದ್ದೆ ಬೆಡ್‌ಶೀಟ್ ಹಿಂಡಲು ಆಗುತ್ತದೆಯೇ ಎಂದು ಗಮನಿಸಿ. ಗೋಡೆಗೆ ಎರಡೂ ಅಂಗೈ ಒತ್ತಿ ನಿಂತು, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ದಣಿಯುವವರೆಗೆ ಎಷ್ಟು ಆಯಿತೋ ಬರೆದಿಡಿ. ಹುಡುಗರು ನೆಲದ ಮೇಲೆ ಪುಷ್ ಅಪ್ ಮಾಡಲಿ.

ಭುಜಕ್ಕೆ ಪರೀಕ್ಷೆ ಹೀಗೆ. ಒಂದು ಕೈ ಭುಜದ ಮೇಲಿನಿಂದ ಬೆನ್ನಿಗೆ, ಇನ್ನೊಂದು ಕೈ ಸೊಂಟದ ಕೆಳಗಿನಿಂದ ಬೆನ್ನಿಗೆ ಹೋಗಲಿ. ಬೆರಳುಗಳ ನಡುವಿನ ಅಂತರವನ್ನು ಮನೆಯವರು ಅಳೆಯಲಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿದುಕೊಳ್ಳುವ ತೊಂದರೆ ಹೆಚ್ಚು. ತಕ್ಬೀರ್‌ಗೆ ಕೈ ಎತ್ತುವಾಗ ಒಂದು ಕೈ ಕೆಳಗೇ ಉಳಿಯುವುದು, ಜಡೆ ಹಾಕಿಕೊಳ್ಳಲು ಮಗಳನ್ನು ಕರೆಯಬೇಕಾಗುವುದು ಅದರ ಆರಂಭ. ಆಗಲೇ ತೋರಿಸಿದರೆ ಚಿಕಿತ್ಸೆ ಸುಲಭ.

7. ಸೊಂಟದ ಸುತ್ತಳತೆ

ತೂಕದ ಯಂತ್ರಕ್ಕಿಂತ ಟೇಪ್ ಹೆಚ್ಚು ಸತ್ಯ ಹೇಳುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಟ್ಟ ನಡುವೆ, ತೆಳುವಾದ ಬಟ್ಟೆಯ ಮೇಲೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡು ಟೇಪಿಗೆ ಮೋಸ ಮಾಡಿದರೆ ಮೋಸ ಹೋಗುವವರು ನೀವೇ. ನಮ್ಮ ದೇಶದ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಗಡಿ. ನೆನಪಿಡಲು ಇನ್ನೊಂದು ಸುಲಭ ದಾರಿಯೆಂದರೆ, ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಬಿಎಂಐ ಲೆಕ್ಕ ಗೊತ್ತಿರುವವರು ನಮ್ಮವರಿಗೆ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ತಿಳಿಯಿರಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಬಹಳ. ತೂಕ ಸರಿಯಿದೆ ಎಂದು ಅಂಥವರು ನಿಶ್ಚಿಂತರಾಗುವಂತಿಲ್ಲ.

ಫಲಿತಾಂಶ ಹೇಗೆ ಓದಬೇಕು?

ಒಂದು ಹಾಳೆಯಲ್ಲಿ ಮನೆಯವರೆಲ್ಲರ ಹೆಸರು, ದಿನಾಂಕ, ಏಳು ಪರೀಕ್ಷೆಗಳ ಸಂಖ್ಯೆ ಬರೆಯಿರಿ. ಅತ್ತೆ, ಸೊಸೆ, ಮೊಮ್ಮಕ್ಕಳ ಅಂಕಗಳನ್ನು ಹೋಲಿಸಿ ನಗಾಡುವುದಕ್ಕಲ್ಲ. ನಿಮ್ಮ ಸಂಖ್ಯೆಯನ್ನು ಹೋಲಿಸಬೇಕಾದುದು ಮೂರು ತಿಂಗಳ ನಂತರದ ನಿಮ್ಮದೇ ಸಂಖ್ಯೆಯ ಜೊತೆ. ಮಿಝಾಜ್ ಎಲ್ಲರದ್ದೂ ಒಂದೇ ಅಲ್ಲ. ಬಲ್ಗಮಿ ಮಿಝಾಜ್‌ನವರು ನಿಧಾನ, ಬೇಗ ಮೈ ಬರುತ್ತದೆ. ಸಫ್ರಾವಿ ಮಿಝಾಜ್‌ನವರು ಚುರುಕು, ಬೇಗ ದಣಿಯುತ್ತಾರೆ. ಆದ್ದರಿಂದ ಪಕ್ಕದ ಮನೆಯವರ ಅಳತೆ ನಿಮಗೆ ಬೇಡ. ಅದೇ ಕುರ್ಚಿ, ಅದೇ ಹಾದಿ, ಅದೇ ಹೊತ್ತು ಇಟ್ಟುಕೊಂಡರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಯಾವುದರಲ್ಲಿ ಹಿಂದಿದ್ದೀರೋ ಅದಕ್ಕೆ ತಕ್ಕ ರಿಯಾಝತ್ ಮಾಡಿ. ನಡಿಗೆಯಲ್ಲಿ ಹಿಂದಿದ್ದರೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ವಾರಕ್ಕೆ 150 ನಿಮಿಷಕ್ಕೆ ಮುಟ್ಟಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣ ಅದು. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಕುರ್ಚಿಯ ಪರೀಕ್ಷೆಯಲ್ಲಿ ಹಿಂದಿದ್ದರೆ ಅದನ್ನೇ ಮದ್ದಾಗಿಸಿಕೊಳ್ಳಿ. ಊಟದ ಮೊದಲು ಹತ್ತು ಸಲ ಎದ್ದು ಕೂರಿ, ಆರಂಭದಲ್ಲಿ ಕೈ ಊರಿದರೂ ಪರವಾಗಿಲ್ಲ. ಸಮತೋಲನಕ್ಕೆ ಅಡುಗೆಮನೆಯ ಕಟ್ಟೆಗೆ ಒಂದು ಬೆರಳು ತಾಗಿಸಿಕೊಂಡು ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ಕಲಿಯಿರಿ. ನೆಲದಿಂದ ಏಳಲು ಕಷ್ಟವಾದರೆ ದಿನಕ್ಕೊಮ್ಮೆಯಾದರೂ ದಸ್ತರ್‌ಖ್ವಾನ್ ಹಾಸಿ ನೆಲದಲ್ಲಿ ಊಟಕ್ಕೆ ಕೂರಿ. ಬಲ ಬೆಳೆಸುವ ವ್ಯಾಯಾಮ ವಾರಕ್ಕೆ ಎರಡು ದಿನ ಸಾಕು. ಮಾಂಸ, ಮೊಟ್ಟೆ, ಬೇಳೆ, ಮೊಸರು ಊಟದಲ್ಲಿರಲಿ. ಬರೀ ಅನ್ನ ಮತ್ತು ಚಹಾ ಬಿಸ್ಕತ್ತಿನಿಂದ ಸ್ನಾಯು ಬೆಳೆಯುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಇದರ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯ ಯಜಮಾನರಿಗೆ ಒಂದು ಮಾತು. "ನಡೆಯಿರಿ ಅಂತ ನೀವು ಹೇಳ್ತೀರಿ ಡಾಕ್ಟರ್, ಎಲ್ಲಿ ನಡೆಯೋದು?" ಎಂದು ನನ್ನನ್ನು ಕೇಳಿದ ಸಹೋದರಿಯರು ಬಹಳ. ಅವರ ಪ್ರಶ್ನೆಗೆ ಔಷಧಿ ಚೀಟಿಯಲ್ಲಿ ಉತ್ತರವಿಲ್ಲ. ಉತ್ತರ ನಿಮ್ಮ ಬಳಿ ಇದೆ. ಅಸರ್ ನಂತರ ಅರ್ಧ ಗಂಟೆ ಅವರ ಜೊತೆ ಹೊರಡಿ, ಇಲ್ಲವೇ ಟೆರೇಸಿನ ಮೇಲಿನ ಹಳೇ ಸಾಮಾನು ತೆಗೆದು ಜಾಗ ಮಾಡಿಕೊಡಿ. ಆ ಅರ್ಧ ಗಂಟೆ ಅಡುಗೆಮನೆಯಿಂದ ಯಾರೂ ಅವರನ್ನು ಕರೆಯದಂತೆ ನೋಡಿಕೊಳ್ಳಿ.

ಈ ಶುಕ್ರವಾರ ಸಂಜೆ ಮನೆಯವರೆಲ್ಲ ಸೇರಿದಾಗ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಮೊದಲು ನೀವು ಮಾಡಿ. ಆಮೇಲೆ ನಿಮ್ಮ ತಾಯಿಯವರ ಪಕ್ಕದಲ್ಲಿ ನಿಂತು, ನಾನು ಕೇಳದೆ ಉಳಿದ ಆ ಮಾತನ್ನು ನೀವು ಕೇಳಿ: "ಅಮ್ಮೀ, ಕೈ ಊರದೆ ಒಮ್ಮೆ ಎದ್ದು ತೋರಿಸಿ." ಅವರು ಸಲೀಸಾಗಿ ಎದ್ದರೆ ಅಲ್‌ಹಮ್ದುಲಿಲ್ಲಾಹ್. ಎದ್ದೇಳಲು ಆಗದಿದ್ದರೆ ಗಾಬರಿ ಬೇಡ, ಬೀಳುವ ಮೊದಲೇ ವಿಷಯ ತಿಳಿಯಿತು. ಮರುದಿನದಿಂದಲೇ ಅವರ ಜೊತೆ ಐದು ಸಲ ಎದ್ದು ಕೂರಲು ಶುರು ಮಾಡಿ.